ಭುಜದ ಶಸ್ತ್ರಚಿಕಿತ್ಸೆಯಾಗಿ ಮೂರು ವಾರ ಕಳೆದಿದೆ, ಕೈ ಮತ್ತೆ ಬಿಗಿಯುತ್ತಿದೆ. ಏನು ಮಾಡಲಿ?

ಪ್ರಶ್ನೆ: ನನಗೆ 53 ವರ್ಷ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಎಡ ಭುಜ ಹೆಪ್ಪುಗಟ್ಟಿ (ಫ್ರೋಜನ್ ಶೋಲ್ಡರ್) ಹದಿನಾಲ್ಕು ತಿಂಗಳು ಒದ್ದಾಡಿದೆ. ಮಾತ್ರೆ, ಎರಡು ಇಂಜೆಕ್ಷನ್, ವ್ಯಾಯಾಮ ಯಾವುದಕ್ಕೂ ಕೈ ಮೇಲೇಳಲಿಲ್ಲ. ಕೊನೆಗೆ 25 ದಿನಗಳ ಹಿಂದೆ ಆರ್ತ್ರೋಸ್ಕೋಪಿಯಲ್ಲಿ (ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಬಿಗಿತ ಬಿಡಿಸಿದರು. ಮೊದಲ ಹತ್ತು ದಿನ ಕೈ ಚೆನ್ನಾಗಿ ಮೇಲೆ ಹೋಗುತ್ತಿತ್ತು. ಈಗ ಒಂದು ವಾರದಿಂದ ಮತ್ತೆ ಬಿಗಿಯುತ್ತಿದೆ, ರಾತ್ರಿಯ ನೋವೂ ಮರಳಿದೆ. ವ್ಯಾಯಾಮ ಮಾಡಿಸುವವರು ‘ಎಷ್ಟೇ ನೋವಾಗಲಿ, ಎಳೆಯಿರಿ’ ಎನ್ನುತ್ತಾರೆ. ಮನೆಯಲ್ಲಿ ಅತ್ತೆಯವರು ‘ಕೊಯ್ದ ಜಾಗ, ಆಡಿಸಬೇಡ’ ಎನ್ನುತ್ತಾರೆ. ಶಸ್ತ್ರಚಿಕಿತ್ಸೆ ವ್ಯರ್ಥವಾಯಿತೇ? ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ‘25 ದಿನ’ ಎಂದು ಓದಿದ ಕೂಡಲೇ ನನ್ನ ಅರ್ಧ ಆತಂಕ ಇಳಿಯಿತು. ಹೆಪ್ಪುಗಟ್ಟಿದ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮೂರನೇ ವಾರ ದಾಟಿ ಆರನೇ ವಾರ ಮುಟ್ಟುವುದರೊಳಗೆ ಬಂದು, ‘ಮೊದಲು ಚೆನ್ನಾಗಿತ್ತು, ಈಗ ಹಿಂದಕ್ಕೆ ಹೋಗುತ್ತಿದೆ’ ಎನ್ನುವುದನ್ನು ಫಿಸಿಯೋಥೆರಪಿಸ್ಟ್ ಆಗಿ ನಾನು ಎಷ್ಟೋ ಬಾರಿ ಕೇಳಿದ್ದೇನೆ. ಅವರಲ್ಲಿ ಹೆಚ್ಚಿನವರ ಕೈ ಮುಂದಿನ ತಿಂಗಳುಗಳಲ್ಲಿ ಮೇಲೆದ್ದಿದೆ. ಆದರೆ ತಾನಾಗಿ ಸರಿಹೋಗಲಿ ಎಂದು ಬಿಟ್ಟು ಕೂರುವ ಹೊತ್ತೂ ಇದಲ್ಲ. ಮುಂದಿನ ಮೂರು ವಾರ ನೀವು ಈ ಕೈಯನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎಂಬುದು ತುಂಬ ಮುಖ್ಯ.

ನೇರವಾಗಿ ಹೇಳುತ್ತೇನೆ. ಅತ್ತೆಯವರು ಹೇಳಿದಂತೆ ಕೈಯನ್ನು ಆಡಿಸದೆ ಇಡಬೇಡಿ. ಕಣ್ಣಲ್ಲಿ ನೀರು ಬರುವಷ್ಟು ಎಳೆಯಲೂ ಬೇಡಿ. ದಿನಕ್ಕೊಮ್ಮೆ ಒಂದು ಗಂಟೆ ಹಲ್ಲು ಕಚ್ಚಿ ಎಳೆಯುವ ಬದಲು, ದಿನಕ್ಕೆ ಐದು ಬಾರಿ ಎಂಟು ಹತ್ತು ನಿಮಿಷ ಸಮಾಧಾನವಾಗಿ ಆಡಿಸಿ. ಬಲ ಕಡಿಮೆ ಇರಲಿ, ಸರದಿ ಹೆಚ್ಚಿರಲಿ. ಮುಂದೆ ಬರೆಯುವುದೆಲ್ಲ ಈ ಒಂದು ಮಾತಿನ ವಿವರ. ಕಾರಣ ತಿಳಿದರೆ ನೋವಿನ ನಡುವೆಯೂ ಇದನ್ನು ಪಾಲಿಸಲು ಮನಸ್ಸು ಗಟ್ಟಿಯಾಗುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಡಿಸ್ಚಾರ್ಜ್ ಪತ್ರವನ್ನು ತೆಗೆದು, ಭುಜದೊಳಗೆ ನಿಖರವಾಗಿ ಏನು ಮಾಡಿದ್ದಾರೆ ಎಂದು ಓದಿ ಅಥವಾ ಓದಿಸಿ. ಬಿಗಿದ ಕೀಲುಚೀಲವನ್ನು ಬಿಡಿಸಿದ್ದು ಮಾತ್ರವೇ, ಅಥವಾ ಅದರ ಜೊತೆಗೆ ಹರಿದ ಸ್ನಾಯುರಜ್ಜುವನ್ನೂ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಹೊಲಿದಿದ್ದಾರೆಯೇ? ಎರಡರ ಆರೈಕೆ ಒಂದಕ್ಕೊಂದು ವಿರುದ್ಧ. ಬಿಗಿತ ಬಿಡಿಸಿದ ಭುಜವನ್ನು ಮೊದಲ ದಿನದಿಂದಲೇ ಆಡಿಸಬೇಕು. ಅಲ್ಲಿ ಸ್ಲಿಂಗ್ ಇರುವುದು ನರಕ್ಕೆ ಕೊಟ್ಟ ಮರಗಟ್ಟಿಸುವ ಮದ್ದು ಇಳಿಯುವವರೆಗೆ, ಹೆಚ್ಚೆಂದರೆ ಕೆಲವು ದಿನಗಳ ಆರಾಮಕ್ಕೆ. ಸ್ನಾಯುರಜ್ಜು ಹೊಲಿದಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸ್ಲಿಂಗ್ ಬೇಕು, ಕೈಯನ್ನು ಸ್ವಂತ ಬಲದಿಂದ ಎತ್ತುವಂತಿಲ್ಲ. ಪರಿಚಯದವರೊಬ್ಬರು ‘ನನಗೂ ಭುಜದ ಆಪರೇಷನ್ ಆಗಿತ್ತು, ಒಂದೂವರೆ ತಿಂಗಳು ಅಲ್ಲಾಡಿಸಲಿಲ್ಲ’ ಎಂದರೆ ಅವರದು ಬಹುಶಃ ಈ ಎರಡನೆಯ ಬಗೆ. ಅತ್ತೆಯವರ ಸಲಹೆಯೂ ಅಂಥ ಯಾರನ್ನೋ ಕಂಡದ್ದರಿಂದ ಬಂದಿರಬಹುದು. ನಿಮ್ಮ ಪತ್ರದ ಪ್ರಕಾರ ಆಗಿರುವುದು ಮೊದಲನೆಯದು. ಹಾಗೆಂದುಕೊಂಡೇ ಬರೆಯುತ್ತಿದ್ದೇನೆ, ಡಿಸ್ಚಾರ್ಜ್ ಪತ್ರದಲ್ಲಿ ಸ್ನಾಯುರಜ್ಜು ಹೊಲಿದ ಮಾತಿದ್ದರೆ ಕೆಳಗಿನ ಯಾವ ವ್ಯಾಯಾಮವನ್ನೂ ನಿಮ್ಮ ಸರ್ಜನ್ನರನ್ನು ಕೇಳದೆ ಮಾಡಬೇಡಿ.

ಈಗ ಒಳಗೆ ಏನಾಗುತ್ತಿದೆ ಎಂದು ನೋಡೋಣ. ಭುಜದ ಕೀಲನ್ನು ಒಂದು ತೆಳುವಾದ ಚೀಲ ಸುತ್ತುವರಿದಿರುತ್ತದೆ. ಆರೋಗ್ಯವಂತರಲ್ಲಿ ಅದು ಸಡಿಲ. ಕಂಕುಳಿನ ಕಡೆ ಮಡಿಕೆ ಬಿದ್ದಿರುತ್ತದೆ, ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಚೀಲ ಉರಿಯೂತದಿಂದ ಕೆಂಪಾಗಿ, ದಪ್ಪಗಾಗಿ, ಕುಗ್ಗುತ್ತದೆ. ಮಡಿಕೆ ಇಲ್ಲವಾಗುತ್ತದೆ. ಮೊದಲು ಕೈಕೊಡುವುದು ಹೊರಗೆ ತಿರುಗಿಸುವ ಚಲನೆ, ಅಂದರೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ಒಯ್ಯುವುದು. ಸರ್ಜನ್ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಕುಗ್ಗಿದ ಚೀಲವನ್ನು ಮುಂಭಾಗದಿಂದ ಶುರುಮಾಡಿ ಕತ್ತರಿಸಿ ಬಿಡಿಸುತ್ತಾರೆ. ಮೇಜಿನ ಮೇಲಿರುವಾಗಲೇ ಕೈ ಪೂರ್ತಿ ಎದ್ದಿತ್ತು ಎಂದು ಅವರು ನಿಮಗೆ ಹೇಳಿರಬಹುದು. ಅದು ನಿಜ. ಆದರೆ ಕತ್ತರಿಸಿದ ಜಾಗವನ್ನು ದೇಹ ಹಾಗೆಯೇ ಬಿಡುವುದಿಲ್ಲ. ಅಲ್ಲಿ ಹೊಸ ಅಂಗಾಂಶ ಕಟ್ಟುತ್ತದೆ. ಎಲ್ಲ ಗಾಯದ ಅಂಗಾಂಶದಂತೆ ಇದಕ್ಕೂ ಕುಗ್ಗುವ ಗುಣವಿದೆ. ಮೊದಲ ಕೆಲವು ದಿನ ಊತ, ಆಮೇಲೆ ಕೆಲವು ವಾರ ಹೊಸ ನಾರುಗಳ ನೇಯ್ಗೆ. ನೀವೀಗ ಇರುವುದು ಆ ನೇಯ್ಗೆಯ ನಡುಮಧ್ಯದಲ್ಲಿ. ಹಸಿ ಚರ್ಮವನ್ನು ಹರಡಿ ಒಣಗಿಸಿದರೆ ಹರಡಿಕೊಂಡೇ ಒಣಗುತ್ತದೆ, ಮುದುರಿಟ್ಟರೆ ಮುದುರಿಯೇ ಗಟ್ಟಿಯಾಗುತ್ತದೆ. ಕೈಯನ್ನು ಎದೆಗೆ ಒತ್ತಿ ಹಿಡಿದು ಇಡೀ ದಿನ ಕುಳಿತರೆ ಹೊಸ ಚೀಲ ಆ ಅಳತೆಗೇ ಗಿಡ್ಡವಾಗಿ ಕಟ್ಟುತ್ತದೆ.

ಹಾಗಾದರೆ ಬಲವಾಗಿ ಎಳೆದು ಉದ್ದ ಮಾಡಬಾರದೇಕೆ? ಎಳೆತ ಮಿತಿ ಮೀರಿದರೆ ಹೊಸ ನಾರು ಹರಿಯುತ್ತದೆ, ರಕ್ತ ಜಿನುಗುತ್ತದೆ, ಉರಿಯೂತ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿಯೂತ ಹೆಚ್ಚಾದಷ್ಟೂ ದೇಹ ಗಾಯದ ಅಂಗಾಂಶವನ್ನು ಹೆಚ್ಚು ಸುರಿಯುತ್ತದೆ. ಜೊತೆಗೆ, ನೋವಿಗೆ ಹೆದರಿದ ಸ್ನಾಯುಗಳು ಕೀಲನ್ನು ಹಿಡಿದು ಬಿಗಿಯುತ್ತವೆ. ಆಗ ನೀವು ಎಳೆಯುತ್ತಿರುವುದು ಚೀಲವನ್ನಲ್ಲ, ನಿಮ್ಮದೇ ಸ್ನಾಯುವನ್ನು. ಮನೆಯಲ್ಲಿ ರಾಟೆ ಕಟ್ಟಿಕೊಂಡು ಪ್ರತಿ ಸಂಜೆ ಒಂದೇ ಕುಳಿತದಲ್ಲಿ ಇನ್ನೂರು ಬಾರಿ ಹಗ್ಗ ಎಳೆಯುತ್ತಿದ್ದ ಒಬ್ಬರು ನನ್ನ ಬಳಿ ಬಂದಿದ್ದರು. ಇಚ್ಛಾಶಕ್ತಿಗೆ ಕೊರತೆಯೇ ಇರಲಿಲ್ಲ. ಆದರೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಮರುದಿನ ಮಧ್ಯಾಹ್ನದವರೆಗೆ ಕೈ ಮುಟ್ಟಗೊಡುತ್ತಿರಲಿಲ್ಲ, ಸಂಜೆ ಮತ್ತೆ ಇನ್ನೂರು. ರಾಟೆ ಬಿಚ್ಚಿಸಿ, ಐದು ಹೊತ್ತು ಹತ್ತು ಹತ್ತು ನಿಮಿಷಕ್ಕೆ ಇಳಿಸಿದ ಎರಡು ವಾರಕ್ಕೆ ಅವರ ಕೈ ಸಡಿಲವಾಗತೊಡಗಿತು.

ಶಸ್ತ್ರಚಿಕಿತ್ಸೆ ಮಾಡಿಸದೆ ಇದ್ದ ಹೆಪ್ಪುಗಟ್ಟಿದ ಭುಜಗಳ ಬಗ್ಗೆ 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದು ಪ್ರಕಟವಾಯಿತು. 77 ರೋಗಿಗಳಲ್ಲಿ ಒಂದು ಗುಂಪು ನೋವು ಮೀರಿ ಜಗ್ಗಿಸುವ ಚಿಕಿತ್ಸೆ ಪಡೆಯಿತು, ಇನ್ನೊಂದು ಗುಂಪು ನೋವಿನ ಮಿತಿಯೊಳಗೆ ಮಾತ್ರ ಆಡಿಸಿತು. ಎರಡು ವರ್ಷದ ಕೊನೆಗೆ ಮೆಲ್ಲಗೆ ಆಡಿಸಿದವರೇ ಮುಂದಿದ್ದರು. ಅವರದು ನಿಮ್ಮ ಸ್ಥಿತಿಯಲ್ಲ, ನಿಮಗೆ ಚೀಲ ಬಿಡಿಸಿ ಆಗಿರುವುದರಿಂದ ಹಿಗ್ಗಿಸುವ ಕೆಲಸ ಅವರಿಗಿಂತ ಹೆಚ್ಚು ಬೇಕು. ಆದರೂ ಆ ಅಂಗಾಂಶದ ಸ್ವಭಾವ ಒಂದೇ.

ಹಾಗಾಗಿ ‘ಎಷ್ಟು ನೋವು ಸರಿ’ ಎಂಬುದಕ್ಕೆ ಒಂದು ಅಳತೆಗೋಲು ಬೇಕು. ನಾನು ಹೇಳಿಕೊಡುವುದು ಇದು: ಹಿಗ್ಗಿಸುವಾಗ ಜಗ್ಗಿದ ಅನುಭವ, ಸ್ವಲ್ಪ ನೋವು ಇರಲೇಬೇಕು, ಅದಿಲ್ಲದಿದ್ದರೆ ನೀವು ಅಂಚು ಮುಟ್ಟಿಲ್ಲ. ಆದರೆ ಕೈ ಇಳಿಸಿದ ಮೇಲೆ ಅರ್ಧ ಗಂಟೆಯೊಳಗೆ ಆ ನೋವು ಮೊದಲಿನ ಮಟ್ಟಕ್ಕೆ ಮರಳಬೇಕು. ಎರಡು ಗಂಟೆಯಾದರೂ ಸಿಡಿಯುತ್ತಿದ್ದರೆ, ಅಂದಿನ ರಾತ್ರಿ ಹಿಂದಿನ ರಾತ್ರಿಗಿಂತ ಕೆಟ್ಟದಾಗಿದ್ದರೆ, ಮಾಡಿದ್ದು ಹೆಚ್ಚಾಯಿತು. ಮರುದಿನ ವ್ಯಾಯಾಮ ನಿಲ್ಲಿಸಬೇಡಿ, ಬಲ ತಗ್ಗಿಸಿ. ಇದನ್ನು ನಿಮ್ಮ ಫಿಸಿಯೋ ಮುಂದೆಯೂ ಹೇಳಿ: ‘ನೀವು ಎಳೆದ ದಿನ ನನಗೆ ರಾತ್ರಿ ಇಷ್ಟು ಗಂಟೆ ನಿದ್ದೆ ಬರಲಿಲ್ಲ’ ಎಂದು ನಿರ್ದಿಷ್ಟವಾಗಿ ಹೇಳಿದರೆ ಯಾವ ಒಳ್ಳೆಯ ಫಿಸಿಯೋ ಕೂಡ ವಿಧಾನ ಬದಲಿಸುತ್ತಾರೆ. ರೋಗಿ ಸಹಿಸಿಕೊಂಡು ಸುಮ್ಮನಿದ್ದರೆ ನಮಗೆ ತಿಳಿಯುವುದಿಲ್ಲ.

ಇನ್ನು ಮೊದಲ ಹತ್ತು ದಿನದ ಸೊಗಸು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಶಸ್ತ್ರಚಿಕಿತ್ಸೆಯ ಕೊನೆಗೆ ಕೀಲಿನೊಳಗೆ ಸ್ಟೀರಾಯ್ಡ್ ಹಾಕುವ ರೂಢಿ ಹಲವು ಸರ್ಜನ್ನರಿಗಿದೆ. ಸಕ್ಕರೆ ಕಾಯಿಲೆ ಇರುವುದರಿಂದ ನಿಮಗೆ ಹಾಕದೆಯೂ ಇರಬಹುದು. ಹಾಕಿದ್ದರೆ ಅದರ ಪ್ರಭಾವ ವಾರಗಳಲ್ಲಿ ಇಳಿಯುತ್ತದೆ. ಅದಕ್ಕಿಂತ ಸಾಮಾನ್ಯ ಕಾರಣ ಇನ್ನೊಂದು. ಹತ್ತರಿಂದ ಹದಿನಾಲ್ಕನೇ ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ, ಚರ್ಮದ ಗಾಯ ಮಾಯ್ದಿರುತ್ತದೆ, ‘ಇನ್ನು ಮಾತ್ರೆ ಸಾಕು’ ಎಂದು ರೋಗಿಯೇ ನಿಲ್ಲಿಸಿಬಿಡುತ್ತಾರೆ. ನೀವೂ ಹಾಗೆ ಮಾಡಿದಿರಾ? ದಿನ ಎಣಿಸಿ ನೋಡಿ. ಹೊರಗಿನ ಗಾಯ ಅರ್ಧ ಸೆಂಟಿಮೀಟರಿನದು, ಒಳಗಿನದು ಇಡೀ ಕೀಲಿನ ಸುತ್ತಳತೆಯದು. ನೋವು ನಿವಾರಕ ನಿಂತಾಗ ನೋವು ಮರಳುತ್ತದೆ, ನೋವು ಮರಳಿದಾಗ ಕೈ ಆಡುವುದು ಕಡಿಮೆಯಾಗುತ್ತದೆ, ಆಡದ ಕೈ ಬಿಗಿಯುತ್ತದೆ. ಈ ಸರಪಳಿಯನ್ನು ಮುರಿಯಲು ಸುಲಭದ ಕೊಂಡಿ ಮಾತ್ರೆಯೇ. ಆರು ವಾರದವರೆಗಾದರೂ ನೋವು ನಿವಾರಕ ಮುಂದುವರಿಸಬಹುದೇ ಎಂದು ವೈದ್ಯರನ್ನು ಕೇಳಿ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ನುಂಗುವಂತೆ ಹೊಂದಿಸಿಕೊಳ್ಳಿ. ಒಂದು ಎಚ್ಚರಿಕೆ: ಉರಿಯೂತ ತಗ್ಗಿಸುವ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆ. ಎಂಟು ವರ್ಷದ ಸಕ್ಕರೆ ಕಾಯಿಲೆ ಇರುವ ನೀವು ಅವನ್ನು ಅಂಗಡಿಯಿಂದ ನೇರವಾಗಿ ತಂದು ನುಂಗಬೇಡಿ. ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡಿದ ವೈದ್ಯರು ಬರೆದುಕೊಟ್ಟದ್ದನ್ನಷ್ಟೇ ತೆಗೆದುಕೊಳ್ಳಿ.

ಮತ್ತೊಂದು ವಿಷಯವನ್ನು ಇವತ್ತೇ ಪರೀಕ್ಷಿಸಿಕೊಳ್ಳಿ. ನಿಮಗೆ ‘ಬಿಗಿಯುತ್ತಿದೆ’ ಎನಿಸುತ್ತಿರುವುದು ನಿಜವಾದ ಬಿಗಿತವೋ, ಬಲಹೀನತೆಯೋ? ಕನ್ನಡಿಯ ಮುಂದೆ ನಿಂತು ಎಡಗೈಯನ್ನು ಮುಂದಿನಿಂದ ಎತ್ತಿ. ಎಲ್ಲಿ ನಿಂತಿತು ನೋಡಿಕೊಳ್ಳಿ. ಹೆಗಲು ಕಿವಿಯ ಕಡೆಗೆ ಏರುತ್ತಿದೆಯೇ ಎಂಬುದನ್ನೂ ಗಮನಿಸಿ. ಈಗ ಅಂಗಾತ ಮಲಗಿ. ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದು, ಎಡಗೈಯನ್ನು ಪೂರ್ತಿ ಸಡಿಲ ಬಿಟ್ಟು, ನಿಧಾನಕ್ಕೆ ತಲೆಯ ಕಡೆಗೆ ಒಯ್ಯಿರಿ. ಮಲಗಿದಾಗ ಕೈ ಬಹಳ ದೂರ ಹೋಗಿ, ನಿಂತಾಗ ಎದೆಯ ಮಟ್ಟದಲ್ಲೇ ತಡೆದರೆ, ಚೀಲ ಅಷ್ಟು ಕುಗ್ಗಿಲ್ಲ. ಹದಿನಾಲ್ಕು ತಿಂಗಳು ಕೆಲಸವಿಲ್ಲದೆ ಸೊರಗಿದ ಸ್ನಾಯುಗಳು ಇನ್ನೂ ಎಚ್ಚೆತ್ತಿಲ್ಲ ಅಷ್ಟೇ. ಅದು ಸಮಾಧಾನದ ಸುದ್ದಿ. ಮಲಗಿದಾಗಲೂ ನಿಂತಾಗಲೂ ಒಂದೇ ಜಾಗದಲ್ಲಿ, ಚರ್ಮದ ಪಟ್ಟಿ ಬಿಗಿದಂತೆ ತಡೆದರೆ ಅದು ಚೀಲದ ಬಿಗಿತ. ಮೊದಲನೆಯದಾದರೆ ಮುಂದೆ ಸ್ನಾಯುವಿಗೆ ಗಮನ, ಎರಡನೆಯದಾದರೆ ಈಗಲೇ ಹಿಗ್ಗಿಸುವುದಕ್ಕೆ ಗಮನ. ಹೆಚ್ಚಿನವರಲ್ಲಿ ಎರಡೂ ಅಷ್ಟಷ್ಟು ಇರುತ್ತವೆ.

ವ್ಯಾಯಾಮ ಹತ್ತಾರು ಬೇಡ, ಮೂರು ಸಾಕು. ಮೊದಲನೆಯದು ಲೋಲಕ. ಬಲಗೈಯನ್ನು ಮೇಜಿಗೆ ಊರಿ ಸೊಂಟದಿಂದ ಬಾಗಿ, ಎಡಗೈಯನ್ನು ಹಗ್ಗದಂತೆ ಜೋತುಬಿಟ್ಟು, ದೇಹವನ್ನು ತೂಗಿ ಕೈ ತಾನಾಗಿ ಓಲಾಡುವಂತೆ ಮಾಡುವುದು. ಕೈಯಿಂದ ಕೈಯನ್ನು ತಿರುಗಿಸಬಾರದು. ಅಲ್ಲಿ ಸ್ನಾಯು ಕೆಲಸ ಮಾಡಕೂಡದು. ಇದನ್ನು ಬಳಕೆಗೆ ತಂದವರು ಅಮೆರಿಕದ ಸರ್ಜನ್ ಅರ್ನೆಸ್ಟ್ ಕಾಡ್‌ಮನ್; 1934ರಲ್ಲಿ ಈ ಕಾಯಿಲೆಗೆ ‘ಹೆಪ್ಪುಗಟ್ಟಿದ ಭುಜ’ ಎಂಬ ಹೆಸರು ಕೊಟ್ಟವರೂ ಅವರೇ. ಲೋಲಕದಿಂದ ಕೈ ಹಿಗ್ಗುವುದು ಕಡಿಮೆ, ನೋವು ಮತ್ತು ಬಿಗಿಹಿಡಿತ ಇಳಿಯುವುದು ಹೆಚ್ಚು. ಆದ್ದರಿಂದ ಅದು ಪ್ರತಿ ಸರದಿಯ ಆರಂಭಕ್ಕೆ, ಎರಡು ನಿಮಿಷ.

ಎರಡನೆಯದು ಮೇಲೆ ಹೇಳಿದ ಪರೀಕ್ಷೆಯೇ: ಅಂಗಾತ ಮಲಗಿ ಬಲಗೈಯಿಂದ ಎಡಗೈಯನ್ನು ತಲೆಯ ಕಡೆಗೆ ಒಯ್ಯುವುದು. ತಡೆ ಸಿಕ್ಕಲ್ಲಿ ನಿಲ್ಲಿಸಿ, ಇಪ್ಪತ್ತು ಸೆಕೆಂಡು ಹಿಡಿದು, ಉಸಿರನ್ನು ನಿಧಾನಕ್ಕೆ ಹೊರಬಿಡಿ. ಉಸಿರು ಬಿಡುವಾಗ ಒಂದು ಬೆರಳಿನಷ್ಟು ಮುಂದಕ್ಕೆ ಹೋಗುವುದು ನಿಮಗೇ ತಿಳಿಯುತ್ತದೆ. ಅಷ್ಟು ಸಾಕು. ಐದು ಸಲ ಮಾಡಿ.

ಮೂರನೆಯದೇ ಬಹಳ ಮುಖ್ಯವಾದದ್ದು, ಮತ್ತು ಎಲ್ಲರೂ ಬಿಟ್ಟುಬಿಡುವುದೂ ಅದನ್ನೇ. ಅಂಗಾತ ಮಲಗಿದಂತೆಯೇ ಎಡ ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಟ್ಟು, ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಬಲಗೈಯಿಂದ ಕೋಲನ್ನು ನೂಕಿ ಎಡ ಮುಂಗೈಯನ್ನು ಹೊರಕ್ಕೆ ಒಯ್ಯಿರಿ. ಮೊಣಕೈ ಪಕ್ಕೆಯಿಂದ ದೂರ ಸರಿದರೆ ಪ್ರಯೋಜನವಿಲ್ಲ. ಸರಿಯಾಗಿ ಮಾಡಿದಾಗ ಭುಜದ ಮುಂಭಾಗದಲ್ಲಿ, ಕೊರಳೆಲುಬಿನ ಹೊರತುದಿಯ ಕೆಳಗೆ ಜಗ್ಗಿದಂತಾಗುತ್ತದೆ. ಸರ್ಜನ್ ಮೊದಲು ಬಿಡಿಸಿದ ಜಾಗವದು. ಮೊದಲು ಮುಚ್ಚಿಕೊಳ್ಳಲು ಹವಣಿಸುವುದೂ ಅದೇ. ಹೊರಗೆ ತಿರುಗಿಸುವ ಚಲನೆ ಉಳಿದುಕೊಂಡರೆ ಮೇಲೆತ್ತುವುದು ತಾನಾಗಿ ಹಿಂಬಾಲಿಸುತ್ತದೆ. ಇದೂ ಇಪ್ಪತ್ತು ಸೆಕೆಂಡಿನಂತೆ ಐದು ಸಲ.

ಬೆನ್ನ ಹಿಂದೆ ಕೈ ಒಯ್ಯುವುದಕ್ಕೆ ಈಗಲೇ ಹಟ ಹಿಡಿಯಬೇಡಿ. ಒಳ ಉಡುಪಿನ ಹುಕ್ಕು ಹಾಕಿಕೊಳ್ಳುವುದು, ಹಿಂದಿನ ಜೇಬಿಗೆ ಕೈ ಹಾಕುವುದು ಎಲ್ಲರಿಗೂ ಕೊನೆಗೆ ಮರಳುವ ಚಲನೆ. ಟವೆಲ್ ಹಿಡಿದು ಬೆನ್ನ ಹಿಂದೆ ಮೇಲಕ್ಕೆ ಜಗ್ಗುವ ವ್ಯಾಯಾಮವನ್ನು ನಾಲ್ಕನೇ ವಾರದಲ್ಲಿ ಜೋರಾಗಿ ಮಾಡಿ ನೋವು ಕೆರಳಿಸಿಕೊಂಡವರನ್ನು ತುಂಬ ನೋಡಿದ್ದೇನೆ. ರಬ್ಬರ್ ಪಟ್ಟಿ, ತೂಕ ಇವು ಸಾಮಾನ್ಯವಾಗಿ ಆರನೇ ವಾರದ ನಂತರ, ಅದೂ ನೋವು ಇಳಿದಿದ್ದರೆ.

ವ್ಯಾಯಾಮದ ಮೊದಲು ಹತ್ತು ನಿಮಿಷ ಬಿಸಿ ಶಾಖ, ಆಮೇಲೆ ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಹಲವರಿಗೆ ಹಿತವಾಗುತ್ತದೆ. ಗಾಯ ಪೂರ್ತಿ ಒಣಗಿರಬೇಕು. ಭುಜದ ಚರ್ಮದಲ್ಲಿ ಸ್ಪರ್ಶ ಕಡಿಮೆ ಎನಿಸಿದರೆ ಬಿಸಿ ಬೇಡ, ಸುಟ್ಟದ್ದು ತಿಳಿಯುವುದಿಲ್ಲ. ವ್ಯಾಯಾಮದ ಹೊರತಾಗಿಯೂ ಆ ಕೈಗೆ ದಿನವಿಡೀ ಹಗುರ ಕೆಲಸ ಕೊಡಿ. ತಲೆ ಬಾಚುವುದು, ಮುಖ ತೊಳೆಯುವುದು, ಸೊಂಟದ ಎತ್ತರದ ಮೇಜು ಒರೆಸುವುದು ಇವೆಲ್ಲ ಚಿಕಿತ್ಸೆಯೇ. ನಡೆಯುವಾಗ ಕೈಯನ್ನು ಬೀಸಿ ನಡೆಯಿರಿ. ಹದಿನಾಲ್ಕು ತಿಂಗಳಲ್ಲಿ ನೀವದನ್ನು ಮರೆತಿರುತ್ತೀರಿ.

ರಾತ್ರಿಯದು ಬೇರೆಯೇ ಕಷ್ಟ. ಅಂಗಾತ ಮಲಗಿದಾಗ ಮೊಣಕೈ ಹಾಸಿಗೆಗೆ ತಾಗುವಷ್ಟು ಹಿಂದಕ್ಕೆ ಬಿದ್ದರೆ ಭುಜದ ಮುಂಭಾಗ ಜಗ್ಗಿ, ನಡುರಾತ್ರಿ ಎಚ್ಚರಿಸುತ್ತದೆ. ಮೊಣಕೈಯಿಂದ ಮುಂಗೈವರೆಗೆ ಅಡಿಯಲ್ಲಿ ದಿಂಬಿಡಿ; ತಲೆಯನ್ನು ಹಾಗೇ ತುಸು ತಗ್ಗಿಸಿ ನೋಡಿದಾಗ ನಿಮ್ಮ ಮೊಣಕೈ ನಿಮಗೆ ಕಾಣಬೇಕು. ಪಕ್ಕಕ್ಕೆ ಮಲಗುವ ಅಭ್ಯಾಸವಿದ್ದರೆ ಬಲ ಮಗ್ಗುಲಾಗಿ, ದೊಡ್ಡ ದಿಂಬನ್ನು ಅಪ್ಪಿಕೊಂಡು ಎಡಗೈಯನ್ನು ಅದರ ಮೇಲಿಡಿ. ಬೆನ್ನಿಗೆ ದಿಂಬುಗಳನ್ನೊಟ್ಟಿ ಅರ್ಧ ಕುಳಿತಂತೆ ಮಲಗುವುದೂ ಕೆಲವರಿಗೆ ಒಗ್ಗುತ್ತದೆ. ರಾತ್ರಿಯ ಮಾತ್ರೆಯನ್ನು ನೋವು ಬಂದ ಮೇಲಲ್ಲ, ಮಲಗುವ ಮೊದಲೇ ತೆಗೆದುಕೊಳ್ಳಿ.

ಸಕ್ಕರೆಯ ವಿಷಯ ಬಿಡಿಸಿ ಹೇಳಲೇಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಪ್ಪುಗಟ್ಟಿದ ಭುಜ ಇತರರಿಗಿಂತ ಹಲವು ಪಟ್ಟು ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯೂ ನಿಧಾನ, ಕೆಲವರಲ್ಲಿ ಕೊನೆಯ ಸ್ವಲ್ಪ ಭಾಗ ಮರಳದೆಯೂ ಉಳಿಯುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಪಕ್ಕದ ಹಾಸಿಗೆಯಲ್ಲಿದ್ದವರ ಕೈ ಒಂದೇ ತಿಂಗಳಿಗೆ ನೆಟ್ಟಗಾಯಿತು ಎಂದು ಕೇಳಿ ನೀವು ಕುಗ್ಗಬಾರದು ಎಂದು ಹೇಳುತ್ತಿದ್ದೇನೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟು ಕಾಲ ಅಂಗಾಂಶದ ನಾರುಗಳು ಒಂದಕ್ಕೊಂದು ಬೆಸೆದು ಪೆಡಸಾಗುತ್ತವೆ, ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿನ ಭಯವೂ ಹೆಚ್ಚು. ಕಳೆದ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ) ಎಷ್ಟಿತ್ತು? ಮೂರು ತಿಂಗಳ ಹಿಂದಿನದಾದರೆ ಹೊಸದಾಗಿ ಮಾಡಿಸಿ. ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಅದನ್ನೂ ಜೊತೆಗೆ ಮಾಡಿಸಿ. ಆ ಕಾಯಿಲೆಗೂ ಈ ಭುಜಕ್ಕೂ ನಂಟಿದೆ.

ಆರನೇ ವಾರದ ಹೊತ್ತಿಗೂ ನೋವು ಇಳಿಯದೆ ಬಿಗಿತ ಹೆಚ್ಚುತ್ತಿದ್ದರೆ, ಸರ್ಜನ್ ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಸೂಚಿಸಬಹುದು. ಇದು ಸೋಲಿನ ಗುರುತೆಂದು ಹಿಂಜರಿಯಬೇಡಿ; ಕೆರಳಿದ ಉರಿಯೂತವನ್ನು ತಣಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುವ ಉಪಾಯವದು. ಆದರೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ, ಕೆಲವೊಮ್ಮೆ ಒಂದು ವಾರದವರೆಗೆ ಸಕ್ಕರೆ ಏರುತ್ತದೆ. ನಿಮ್ಮ ಸಕ್ಕರೆ ವೈದ್ಯರಿಗೆ ಮೊದಲೇ ತಿಳಿಸಿ, ಆ ದಿನಗಳಲ್ಲಿ ಮನೆಯಲ್ಲೇ ಹೆಚ್ಚು ಬಾರಿ ಪರೀಕ್ಷಿಸಿಕೊಳ್ಳಿ.

‘ವ್ಯರ್ಥವಾಯಿತೇ’ ಎಂದು ಕೇಳಿದ್ದೀರಿ. ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳನ್ನು ಒಳಗೊಂಡ ‘ಯುಕೆ ಫ್ರಾಸ್ಟ್’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಮಗಾದಂಥ ಶಸ್ತ್ರಚಿಕಿತ್ಸೆ, ಕೆಲವರಿಗೆ ಅರಿವಳಿಕೆ ಕೊಟ್ಟು ಕೈಯನ್ನು ತಿರುಗಿಸಿ ಬಿಗಿತ ಬಿಡಿಸುವುದು, ಉಳಿದವರಿಗೆ ಇಂಜೆಕ್ಷನ್ ಮತ್ತು ಕ್ರಮಬದ್ಧ ಫಿಸಿಯೋಥೆರಪಿ. ಒಂದು ವರ್ಷದ ಕೊನೆಗೆ ಮೂರೂ ಗುಂಪಿನವರು ಸಾಕಷ್ಟು ಸುಧಾರಿಸಿದ್ದರು. ರೋಗಿಗೆ ಎದ್ದು ಕಾಣುವಷ್ಟು ಅಂತರದಲ್ಲಿ ಯಾವುದೂ ಮುಂದಿರಲಿಲ್ಲ. ನಾನು ಇದರಿಂದ ಕಲಿತದ್ದು ಎರಡು. ಶಸ್ತ್ರಚಿಕಿತ್ಸೆ ಜಾದೂ ಅಲ್ಲ, ಹಾಗೆಂದು ಅದರ ಫಲವನ್ನು ನಾಲ್ಕನೇ ವಾರಕ್ಕೆ ಅಳೆಯುವುದೂ ಸರಿಯಲ್ಲ. ಸಾಮಾನ್ಯವಾಗಿ ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಸ್ಟಿಯರಿಂಗ್ ಹಿಡಿದು ತಟ್ಟನೆ ತಿರುಗಿಸಲು ಎರಡೂ ಕೈಗೆ ಶಕ್ತಿ ಬಂದ ಮೇಲೆ ಗಾಡಿ ಓಡಿಸಬಹುದು. ಭಾರ ಎತ್ತುವ ಕೆಲಸಕ್ಕೆ ಒಂದೂವರೆಯಿಂದ ಮೂರು ತಿಂಗಳು ಬೇಕು. ಕೈ ತನ್ನ ಪಾಡಿಗೆ ತಾನಿದೆ, ನೆನಪೇ ಆಗುವುದಿಲ್ಲ ಎನ್ನುವ ಸ್ಥಿತಿಗೆ ಆರು ತಿಂಗಳಿಂದ ಒಂದು ವರ್ಷ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಜ್ವರ, ಗಾಯದ ಬಾಯಲ್ಲಿ ಕೆಂಪು, ಬಿಸಿ, ಕೀವು ಅಥವಾ ನೀರು ಒಸರುವುದು ಕಂಡರೆ ಅದೇ ದಿನ ಸರ್ಜನ್ನರನ್ನು ಕಾಣಿ. ರಟ್ಟೆಯ ಮೇಲ್ಭಾಗದಲ್ಲಿ ಅಂಗೈಯಗಲ ಜಾಗ ಜೋಮು ಹಿಡಿದು, ಕೈಯನ್ನು ಪಕ್ಕಕ್ಕೆ ಎತ್ತಲು ಸ್ವಲ್ಪವೂ ಬಲವಿಲ್ಲದಿದ್ದರೆ, ಚೀಲದ ಕೆಳಗೆ ಹಾದುಹೋಗುವ ನರಕ್ಕೆ ಪೆಟ್ಟಾಗಿರಬಹುದು, ತಿಳಿಸಿ. ಮೀನಖಂಡ ಊದಿ ನೋಯುವುದು, ಏಕಾಏಕಿ ಏದುಸಿರು ಬಂದರೆ ತುರ್ತು ಚಿಕಿತ್ಸೆಗೆ ಹೋಗಿ. ನಿಮ್ಮದು ಎಡ ಭುಜ, ಸಕ್ಕರೆ ಕಾಯಿಲೆಯೂ ಇದೆ. ಆದ್ದರಿಂದ ಇನ್ನೊಂದು ಮಾತು. ಕೈ ಆಡಿಸಿದಾಗ ಬರುವ ನೋವು ಭುಜದ್ದು. ಮೆಟ್ಟಿಲು ಹತ್ತುವಾಗ ಬಂದು ನಿಂತಾಗ ಇಳಿಯುವ ಎಡಗೈ ನೋವು, ಬೆವರು, ಎದೆ ಹಿಂಡಿದಂತಾಗುವುದು ಇವನ್ನು ‘ಆಪರೇಷನ್ ಆದ ಭುಜ’ ಎಂದು ತಳ್ಳಿಹಾಕದೆ ತಕ್ಷಣ ಹೃದಯ ತೋರಿಸಿ.

ಒಮ್ಮೆ ಗುಣವಾದ ಭುಜ ಮತ್ತೆ ಹೆಪ್ಪುಗಟ್ಟುವುದು ಅಪರೂಪ. ಬಲ ಭುಜಕ್ಕೆ ಬರುವ ಸಾಧ್ಯತೆ ಮಾತ್ರ ಇದೆ. ಬಲಗೈಯನ್ನು ಹೊರಕ್ಕೆ ತಿರುಗಿಸಲು ತಡೆಯಾಗತೊಡಗಿದರೆ, ರಾತ್ರಿ ನೋವು ಶುರುವಾದರೆ ಈ ಸಲ ಹದಿನಾಲ್ಕು ತಿಂಗಳು ಕಾಯದೆ ಮೊದಲ ವಾರಗಳಲ್ಲೇ ಹೋಗಿ. ಇಂಜೆಕ್ಷನ್ ಹೆಚ್ಚು ಉಪಕಾರ ಮಾಡುವುದು ಆಗಲೇ.

ದಿನದಿಂದ ದಿನಕ್ಕೆ ಅಳೆದರೆ ಈ ಭುಜ ನಿಮ್ಮನ್ನು ಅಳಿಸುತ್ತದೆ. ವಾರದಿಂದ ವಾರಕ್ಕೆ ಅಳೆಯಿರಿ. ನನ್ನ ಬಳಿ ಬರುತ್ತಿದ್ದ ಒಬ್ಬ ಶಿಕ್ಷಕಿ ತರಗತಿಯ ಕಪ್ಪುಹಲಗೆಯನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಐದನೇ ವಾರದಲ್ಲಿ ಅವರ ಅಕ್ಷರಗಳೆಲ್ಲ ಹಲಗೆಯ ಕೆಳಗಿನ ಅರ್ಧದಲ್ಲೇ ಮುಗಿಯುತ್ತಿದ್ದವು, ಹಿಂದಿನ ಬೆಂಚಿನ ಮಕ್ಕಳು ಎದ್ದುನಿಂತು ಓದಬೇಕಿತ್ತು. ನಾಲ್ಕನೇ ತಿಂಗಳಲ್ಲಿ ಒಂದು ದಿನ ದಿನಾಂಕವನ್ನು ಮೇಲಿನ ಮೂಲೆಯಲ್ಲಿ ಬರೆದು, ಅದರ ಫೋಟೋ ತೆಗೆದುಕೊಂಡು ನನಗೆ ತೋರಿಸಲು ಬಂದಿದ್ದರು. ನಿಮಗೆ ಗೋಡೆ ಸಾಕು. ಪ್ರತಿ ಭಾನುವಾರ ಬೆಳಗ್ಗೆ, ಗೋಡೆಯಿಂದ ಒಂದೇ ದೂರದಲ್ಲಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ನಡೆಸುತ್ತ ಹೋಗಿ, ನಿಂತಲ್ಲಿ ಪೆನ್ಸಿಲ್ ಗುರುತು ಹಾಕಿ ದಿನಾಂಕ ಬರೆಯಿರಿ. ಹೆಗಲು ಕಿವಿಯತ್ತ ಏರಿದರೆ ಆ ಗುರುತು ಲೆಕ್ಕಕ್ಕಿಲ್ಲ. ಆರನೇ ವಾರದ ಭೇಟಿಗೆ ಹೋಗುವಾಗ ಆ ಗುರುತುಗಳ ಫೋಟೋ, ಯಾವ ರಾತ್ರಿ ಎಷ್ಟು ಗಂಟೆ ಮಲಗಿದಿರಿ ಎಂಬ ಚೀಟಿ, ಸಕ್ಕರೆಯ ವರದಿ ಈ ಮೂರನ್ನೂ ಜೊತೆಗೆ ಒಯ್ಯಿರಿ. ಇಂಜೆಕ್ಷನ್ ಬೇಕೇ, ವ್ಯಾಯಾಮ ಬದಲಿಸಬೇಕೇ ಎಂದು ನಿರ್ಧರಿಸಲು ನಿಮ್ಮ ಸರ್ಜನ್ನರಿಗೆ ಅವು ನೆರವಾಗುತ್ತವೆ. ಅತ್ತೆಯವರಿಗೆ ಒಂದು ಕೆಲಸ ವಹಿಸಿ: ದಿನಕ್ಕೆ ಐದು ಹೊತ್ತು, ‘ಕೈ ಆಡಿಸಿದೆಯಾ’ ಎಂದು ಅವರೇ ಕೇಳಲಿ.